ಸಲಹೆಗಾರರ ಸಂದೇಹ: ಬೀಗದ ಕೈ ಯಾರ ಹತ್ತಿರ?

ಉತ್ತರ ಕನ್ನಡದ ಆಪ್ತಸಲಹೆಗಾರರು ಕಳಿಸಿದ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ಅಡಿಕೆ ಬೆಳೆಗಾರರೊಬ್ಬರು, ವಯಸ್ಸು 46. ಕೊಳೆರೋಗಕ್ಕೆ ಫಸಲು ಹೋದ ಮೇಲೆ ನಿದ್ದೆಯಿಲ್ಲ, ಸೊಸೈಟಿ ಸಾಲದ ಚಿಂತೆ. ಎರಡನೇ ಸಲ ಬಂದಾಗ ‘ಇನ್ನು ಇದ್ದು ಎಂತ ಮಾಡೋದು’ ಎಂದರು. ‘ಏನೂ ಮಾಡಿಕೊಳ್ಳುವುದಿಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಂಡೆ. ಮೂರನೇ ಭೇಟಿಗೆ ಬರಲೇ ಇಲ್ಲ. ನಾನು ಮಾಡಿದ್ದು ಸರಿಯೇ?
— ಆಪ್ತಸಲಹೆಗಾರ್ತಿ, ಶಿರಸಿ

ಉತ್ತರ: ಮೊದಲು ಅವರಿಗೆ ಫೋನ್ ಮಾಡಿ, ಆಮೇಲೆ ಇದನ್ನು ಓದಿ. ಅವರು ಎತ್ತದಿದ್ದರೆ ಮನೆಯವರಿಗೆ ಮಾಡಿ. ಗೌಪ್ಯತೆ ಇಲ್ಲಿ ಅಡ್ಡ ಬರುವುದಿಲ್ಲ. ಜೀವಕ್ಕೆ ಅಪಾಯವಿದ್ದಾಗ ಅದನ್ನು ತಪ್ಪಿಸಲು ಬೇಕಾದಷ್ಟು ಸಂಗತಿ ತಿಳಿಸಬಹುದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಹೇಳುತ್ತದೆ. ‘ಬರಬೇಕಿತ್ತು, ಬಂದಿಲ್ಲ. ನನಗೆ ಆತಂಕ ಇದೆ, ಇವತ್ತು ಅವರೊಬ್ಬರನ್ನೇ ಬಿಡಬೇಡಿ’ ಎಂದರೆ ಸಾಕು. ಸಾಲದ ಲೆಕ್ಕ ಅಲ್ಲಿ ಬೇಡ.

ಇನ್ನು ಆ ಸಹಿಯ ಕಾಗದ. ಅದರಿಂದ ಆತ್ಮಹತ್ಯೆ ತಪ್ಪುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಅದರಿಂದ ಸಮಾಧಾನ ಆಗುವುದು ಸಲಹೆಗಾರರಿಗೆ. ಸಹಿ ಹಾಕಿದವರಿಗೆ ಮತ್ತೆ ಅದೇ ಯೋಚನೆ ಬಂದಾಗ, ಇದ್ದ ಸಂಕಟದ ಮೇಲೆ ಕೊಟ್ಟ ಮಾತಿಗೆ ತಪ್ಪಿದ ನಾಚಿಕೆಯೂ ಸೇರಿಕೊಳ್ಳುತ್ತದೆ. ಅದನ್ನು ಹೇಳುವುದಕ್ಕಿಂತ ಭೇಟಿ ತಪ್ಪಿಸುವುದು ಅವರಿಗೆ ಸುಲಭ.

ಕೇಳುವಾಗ ನೇರವಾಗಿ ಕೇಳಿ. ‘ಅಂಥ ಯೋಚನೆ ಏನೂ ಇಲ್ಲ ಅಲ್ವಾ?’ ಎಂದರೆ ‘ಇಲ್ಲ’ ಎಂಬ ಉತ್ತರವನ್ನು ನೀವೇ ಅವರ ಬಾಯಿಗೆ ಹಾಕಿದಂತೆ. ಆತ್ಮಹತ್ಯೆಯ ಅಪಾಯ ಅಳೆಯುವ ಕೊಲಂಬಿಯಾ ಪ್ರಶ್ನಾವಳಿಯ ಕ್ರಮ ಅನುಕೂಲ: ಸತ್ತರೆ ಸಾಕು ಅನ್ನಿಸಿದೆಯೇ, ಸಾಯುವ ಯೋಚನೆ ಬಂದಿದೆಯೇ, ಹೇಗೆ ಎಂದು ಯೋಚಿಸಿದ್ದೀರಾ, ಮಾಡಿಯೇ ತೀರುವ ಮನಸ್ಸಾಗಿದೆಯೇ, ಅದಕ್ಕೆ ತಯಾರಿ ಏನಾದರೂ ನಡೆದಿದೆಯೇ. ಹಿಂದೆ ಪ್ರಯತ್ನ ಮಾಡಿದ್ದರೆ, ಅದರಲ್ಲೂ ಕಳೆದ 3 ತಿಂಗಳಲ್ಲಿ, ಅಪಾಯ ಹೆಚ್ಚು. ಮನಸ್ಸು, ತಯಾರಿ ಇವೆರಡರಲ್ಲಿ ಒಂದಿದ್ದರೂ ಅದೇ ದಿನ ಮನೋವೈದ್ಯರ ಹತ್ತಿರ ಕಳಿಸಬೇಕು, ಜೊತೆಗೆ ಒಬ್ಬರು ಹೋಗಬೇಕು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ. ಹಾಗಾಗುವುದಿಲ್ಲ.

ಕಾಗದ ಬೇಕೇ ಬೇಕು, ಆದರೆ ಬೇರೆ ಥರದ್ದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯಲ್ಲಿ ಆರು ಹಂತ. ಒಂದು ಹಾಳೆ, ಸುಮಾರು ಅರ್ಧ ಗಂಟೆ, ಮಾತು ಪೂರ್ತಿ ಅವರದು. ಮೊದಲನೆಯದು ಮುನ್ಸೂಚನೆ. ಅಲ್ಲಿ ‘ಬೇಸರವಾದಾಗ’ ಎಂದು ಬರೆದರೆ ಉಪಯೋಗವಿಲ್ಲ. ‘ರಾತ್ರಿ ಮೂರಕ್ಕೆ ಎಚ್ಚರಾಗಿ ಸಾಲದ ಬಡ್ಡಿ ಕೂಡಿಸಲು ಶುರುಮಾಡಿದಾಗ’ ಎಂದಿರಬೇಕು. ಎರಡನೆಯದು ಯಾರ ಸಹಾಯವೂ ಇಲ್ಲದೆ ಮಾಡಬಲ್ಲದ್ದು: ಮುಖ ತೊಳೆದು ಕೊಟ್ಟಿಗೆಯ ದೀಪ ಹಾಕಿ ದನಕ್ಕೆ ಹುಲ್ಲು ಹಾಕುವುದು. ಮೂರನೆಯದು ಮನಸ್ಸನ್ನು ಬೇರೆ ಕಡೆ ತಿರುಗಿಸುವ ಜನ, ಜಾಗ. ಇಲ್ಲಿ ಕಷ್ಟ ಹೇಳಿಕೊಳ್ಳಬೇಕೆಂದಿಲ್ಲ, ತಾಳಮದ್ದಲೆಗೆ ಹೋಗಿ ಕೂತರೂ ಆಯಿತು. ನಾಲ್ಕನೆಯದು ಬಾಯಿಬಿಟ್ಟು ಹೇಳಿಕೊಳ್ಳಬಹುದಾದವರು, ಅವರ ಫೋನ್ ನಂಬರ್ ಸಮೇತ. ಐದನೆಯದು ನಿಮ್ಮ ನಂಬರ್, ಹತ್ತಿರದ ಆಸ್ಪತ್ರೆ, ದಿನದ 24 ಗಂಟೆಯೂ ಸಿಗುವ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಆರನೆಯದು ಮನೆಯನ್ನು ಸುರಕ್ಷಿತ ಮಾಡುವುದು. ಬಹಳ ಮಂದಿ ಇಲ್ಲಿ ‘ಔಷಧಿಗೆ ಬೀಗ ಹಾಕಿ’ ಎಂದು ಬರೆದು ಮುಗಿಸುತ್ತಾರೆ. ತೋಟದ ಮನೆಯಲ್ಲಿ ಕಳೆನಾಶಕದ ಡಬ್ಬ, ಮೈಲುತುತ್ತದ ಚೀಲ ಇರುವುದು ಅಟ್ಟದ ಮೇಲೋ ಪಂಪ್‌ಶೆಡ್ಡಿನಲ್ಲೋ. ಬೀಗ ಹಾಕಿದರೂ ಬೀಗದ ಕೈ ಜಗಲಿಯ ಮೊಳೆಯಲ್ಲಿ ನೇತಾಡುತ್ತದೆ, ನೇತುಹಾಕಿದವರು ಅವರೇ. ಶ್ರೀಲಂಕಾದ ಹಳ್ಳಿಮನೆಗಳಿಗೆ ಬೀಗದ ಪೆಟ್ಟಿಗೆ ಕೊಟ್ಟು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು: ವಿಷ ಸೇವನೆ ಕಡಿಮೆಯಾಗಲಿಲ್ಲ. ಅದೇ ದೇಶದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆ ಪ್ರಮಾಣ ದೊಡ್ಡ ಮಟ್ಟದಲ್ಲಿ ಇಳಿಯಿತು. ಅಂದರೆ ವಸ್ತು ಮನೆಯಲ್ಲೇ ಇರಬಾರದು. ಅಣ್ಣನ ಮನೆಗೋ ಪಕ್ಕದ ತೋಟಕ್ಕೋ ಇವತ್ತೇ ಸಾಗಲಿ. ಯಾರು ಒಯ್ಯುತ್ತಾರೆ, ಎಷ್ಟು ಹೊತ್ತಿಗೆ ಎಂದು ಹಾಳೆಯಲ್ಲಿ ಬರೆಯಿರಿ, ಸಂಜೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದು ತಪ್ಪುವುದಿಲ್ಲ, ನಿಜ. 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ಹಿಡಿದು, ಮರ ಹತ್ತಿ ಹೊಡೆಯುವ ಕೊನೆಗೌಡ ಬರುವ ದಿನ ಬೆಳಿಗ್ಗೆ ಅಷ್ಟನ್ನೇ ಬೇರೆಯವರು ತರಲಿ, ಉಳಿದರೆ ಒಯ್ಯಲಿ. ಮಳೆಗಾಲದ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಸುವ ಹೊತ್ತಿಗೆ ಈ ಹಂತವನ್ನು ಮತ್ತೆ ಓದಿ. ಮನೋವೈದ್ಯರು ಕೊಟ್ಟ ಮಾತ್ರೆಯೂ ಒಂದು ವಾರದ್ದು ಮಾತ್ರ ಮನೆಯಲ್ಲಿರಲಿ, ಹೆಂಡತಿಯ ಕೈಯಲ್ಲಿ.

ಹಾಳೆ ಕೊಟ್ಟು ಕಳಿಸಿದ 72 ಗಂಟೆಯೊಳಗೆ ನೀವೇ ಫೋನ್ ಮಾಡಬೇಕು, ಮುಂದಿನ ಭೇಟಿಯವರೆಗೂ ಬಿಡಬಾರದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಈ ಯೋಜನೆಗೆ ಫೋನ್ ಕರೆ ಸೇರಿಸಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಆತ್ಮಹತ್ಯಾ ವರ್ತನೆ ಸುಮಾರು 45% ಕಡಿಮೆ ಕಂಡಿತು. ‘ಹೊರಗೆ ಗೊತ್ತಾದರೆ ಕೇಸಾಗುತ್ತದೆ’ ಎಂದು ಮನೆಯವರು ಹೆದರಿದರೆ ಅದೇ ಕಾಯ್ದೆಯ 115ನೇ ಕಲಮು ತಿಳಿಸಿ: ಪ್ರಯತ್ನಪಟ್ಟವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಪ್ರಶ್ನೆ: ಬೈತಖೋಲ ಬಂದರಿನ ಟ್ರಾಲ್ ಮೀನುಗಾರಿಕೆ ಬೋಟಿನ ಕಲಾಸಿ (ಕೆಲಸಗಾರ), ದಿನಾ ಎರಡು ಕ್ವಾರ್ಟರ್. ‘ಆಗಸ್ಟ್ 1ಕ್ಕೆ ಬೋಟು ಹತ್ತಿದ ಮೇಲೆ ಮುಟ್ಟುವುದಿಲ್ಲ, ಅಲ್ಲಿ ಸಿಗುವುದೂ ಇಲ್ಲ’ ಎನ್ನುತ್ತಾರೆ. ಒಳ್ಳೆಯ ನಿರ್ಧಾರ ಎಂದು ಬೆನ್ನು ತಟ್ಟಲೇ?
— ಸಮಾಜ ಕಾರ್ಯಕರ್ತ, ಕಾರವಾರ

ಉತ್ತರ: ನಿರ್ಧಾರಕ್ಕೆ ತಟ್ಟಿ, ಜಾಗಕ್ಕೆ ಬೇಡ. ಎರಡು ಕ್ವಾರ್ಟರ್ ಅಂದರೆ 360 ಮಿ.ಲೀ. 42.8% ಮದ್ಯದ ಲೆಕ್ಕದಲ್ಲಿ ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್. ದಿನಾ ಇಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6–12 ಗಂಟೆಯಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಡೆಲಿರಿಯಂ: ದಿಕ್ಕು ತಪ್ಪುವುದು, ಇಲ್ಲದ್ದು ಕಾಣುವುದು, ಜ್ವರ. ದಡ ಕಾಣದ ಕಡಲಲ್ಲಿ ಇದು ಜೀವಕ್ಕೇ ಕುತ್ತು. ಬೋಟು ನಡೆಸುವ ತಾಂಡೇಲರು ‘ಗಾಳಿ ಸೋಕಿದೆ’ ಎಂದುಕೊಂಡು ಮಲಗಿಸಿಬಿಟ್ಟಾರು.

ಜೂನ್ 1ರಿಂದ ಜುಲೈ 31ರವರೆಗೆ, ಮಳೆಗಾಲದ ಮೀನುಗಾರಿಕೆ ನಿಷೇಧದ 61 ದಿನ ಬೋಟು ದಡದಲ್ಲೇ ಇರುತ್ತದೆ. ಬಿಡಿಸುವುದಿದ್ದರೆ ಆಗ ಬಿಡಿಸಬೇಕು. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಎಲ್ಲಕ್ಕಿಂತ ಮೊದಲು ಕೇಳಿ. ಬಂದಿದ್ದರೆ ಒಳರೋಗಿಯಾಗಿಯೇ ಆಗಬೇಕು. ನಡುಕ ತಗ್ಗಿಸುವ ಮಾತ್ರೆಯನ್ನು ವೈದ್ಯರು ದಿನದಿಂದ ದಿನಕ್ಕೆ ಇಳಿಸುತ್ತ ಬರುತ್ತಾರೆ, ಅದನ್ನು ಮೆಡಿಕಲ್ ಅಂಗಡಿಯಿಂದ ತಾವೇ ತಂದು ನುಂಗುವುದು ಅಪಾಯ. ‘ಸುಸ್ತಿದೆ, ಗ್ಲೂಕೋಸ್ ಏರಿಸಿ’ ಎಂದು ಮನೆಯವರು ಒತ್ತಾಯಿಸುವುದು ನಮ್ಮಲ್ಲಿ ಸಾಮಾನ್ಯ. ಕಾಗದದಲ್ಲಿ ಕುಡಿತದ ಪ್ರಮಾಣ, ಕೊನೆಯ ಬಾರಿ ಕುಡಿದ ಹೊತ್ತು ಬರೆದು ಕಳಿಸಿದರೆ ವೈದ್ಯರು ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಡುತ್ತಾರೆ. ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟು ಬೀಳುವ ಸಾಧ್ಯತೆ ಇದೆ. ಈಗಾಗಲೇ ಜುಲೈ ಮುಗಿಯುತ್ತ ಬಂದಿದ್ದರೆ ಮೊದಲ ಟ್ರಿಪ್ಪು ತಪ್ಪಿಸಲು ಹೇಳಿ. ಆ ಸಂಪಾದನೆ ಹೋಗುತ್ತದೆ, ಮನೆಯವರನ್ನು ಕೂರಿಸಿಕೊಂಡೇ ಆ ಮಾತು ಆಡಬೇಕು.

ಪ್ರಶ್ನೆ: 15 ವರ್ಷದ ವಿದ್ಯಾರ್ಥಿನಿ, ಸಂಬಂಧಿಕನೊಬ್ಬ ಲೈಂಗಿಕವಾಗಿ ಪೀಡಿಸಿದ್ದನ್ನು ಹೇಳಿದಳು. ತಾಯಿ ‘ಯಾರಿಗೂ ಹೇಳಬೇಡಿ ಅಕ್ಕಾ’ ಎಂದು ಕೈಮುಗಿದರು. ಗೌಪ್ಯತೆ ಕಾಯಬೇಕಲ್ಲವೇ?
— ಶಾಲಾ ಆಪ್ತಸಲಹೆಗಾರ್ತಿ, ಕುಮಟಾ

ಉತ್ತರ: ಇಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಸ್ಥಳೀಯ ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ. ತಾಯಿಯ ಒಪ್ಪಿಗೆ ಇದಕ್ಕೆ ಬೇಕಿಲ್ಲ, ಆದರೆ ಅವರಿಗೆ ಹೇಳದೆ ಹೋಗಬೇಡಿ. ತಾಯಿಯ ಭಯ ಬಹುಮಟ್ಟಿಗೆ ಠಾಣೆಯದು. ಹೇಳಿಕೆಯನ್ನು ಮನೆಯಲ್ಲೇ, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯುತ್ತಾರೆ ಎಂದು ತಿಳಿಸಿದರೆ ಅರ್ಧ ಭಾರ ಇಳಿಯುತ್ತದೆ. ಹುಡುಗಿ ಹೇಳಿದ್ದನ್ನು ಅವಳದೇ ಶಬ್ದಗಳಲ್ಲಿ, ತಾರೀಖು ಹಾಕಿ ಬರೆದಿಡಿ. ಮತ್ತೆ ಮತ್ತೆ ಕೇಳಿ ಕೆದಕಬೇಡಿ, ತನಿಖೆ ನಿಮ್ಮ ಕೆಲಸವಲ್ಲ. ಇನ್ನು ಮುಂದೆ ಯಾವ ಮಗುವಿಗೂ ‘ಇಲ್ಲಿ ಹೇಳಿದ್ದು ಯಾರಿಗೂ ಹೇಳಲ್ಲ’ ಎಂದು ಶುರುಮಾಡಬೇಡಿ.

ಪ್ರಶ್ನೆ: ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9 ಕೊಟ್ಟರೆ ವಯಸ್ಸಾದ ಹೆಂಗಸರು ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿ, ಕೊಟ್ಟು ಎದ್ದು ಹೋಗುವಾಗ ಅಳುತ್ತಾರೆ. ಏನು ತಪ್ಪುತ್ತಿದೆ?
— ಆಪ್ತಸಲಹೆಗಾರ, ಹೊನ್ನಾವರ

ಉತ್ತರ: ಕೈಗೆ ಕೊಟ್ಟದ್ದೇ ತಪ್ಪು, ನೀವೇ ಓದಿ ಕೇಳಿ. ಮೊದಲು ನಿದ್ದೆ, ಊಟ, ಸುಸ್ತು, ಆಮೇಲೆ ಮನಸ್ಸು. ‘ಖಿನ್ನತೆ’ ಎಂದರೆ ಅವರಿಗೆ ಪುಸ್ತಕದ ಶಬ್ದ. ಎದೆ ಭಾರ, ಮೈಯೆಲ್ಲ ಬೆಂಕಿ, ‘ಎಂತದೂ ಬ್ಯಾಡ’ ಎನ್ನುವುದು ಅವರ ಮಾತು. ‘ಕಳೆದ ಎರಡು ವಾರ’ ಎನ್ನುವ ಬದಲು ‘ಹಿಂದಿನ ಎರಡು ಸಂತೆಯಿಂದ ಈಚೆಗೆ’ ಎಂದರೆ ಲೆಕ್ಕ ಸಿಗುತ್ತದೆ. ಕೆಲವು ದಿನಕ್ಕೆ 1, ಅರ್ಧಕ್ಕಿಂತ ಹೆಚ್ಚು ದಿನಕ್ಕೆ 2, ಹೆಚ್ಚುಕಡಿಮೆ ದಿನಾ ಎಂದರೆ 3, ಒಟ್ಟು 27ಕ್ಕೆ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾಗಿ ಮಾತಾಡಬೇಕು, ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಬೇಕು. ಸೊಸೆ ಪಕ್ಕದಲ್ಲಿ ಕೂತಿದ್ದರೆ ಅಂಕ ಎಷ್ಟೇ ಬರಲಿ, ಅದನ್ನು ನಂಬಬೇಡಿ. ಒಟ್ಟು ಅಂಕ 4 ಇದ್ದರೂ ಸಾಯುವ ಯೋಚನೆ ಕುರಿತ 9ನೇ ಪ್ರಶ್ನೆಗೆ 1 ಬಂದರೂ ಸಾಕು, ಮೇಲೆ ಶಿರಸಿಯವರಿಗೆ ಬರೆದ ಪ್ರಶ್ನೆಗಳನ್ನು ಅಲ್ಲೇ, ಆಗಲೇ ಕೇಳಿ.