ಸ್ಲೋ ಕುಕ್ಕರ್‌ನಲ್ಲಿ ಹಾಕಿದ ಮೊಸರು ಒಮ್ಮೆ ಒಡೆಯಿತು, ಒಮ್ಮೆ ಹೆಪ್ಪೇ ಆಗಲಿಲ್ಲ. ಯಾಕೆ?

ಪ್ರಶ್ನೆ: ಸ್ಲೋ ಕುಕ್ಕರ್‌ನಲ್ಲಿ (ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ) 2 ಲೀಟರ್ ಹಾಲು ಬಿಸಿ ಮಾಡಿ, ಆರಿದ ಮೇಲೆ ಹೆಪ್ಪು ಹಾಕಿ ರಾತ್ರಿಯಿಡೀ ‘ವಾರ್ಮ್’ನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಪಾತ್ರೆ ತುಂಬಾ ನೀರು, ನಡುವೆ ತರಿತರಿ ಗಡ್ಡೆ. ಮುಂದಿನ ಸಲ ಅರ್ಧ ಲೀಟರ್ ಹಾಲು ತಗೊಂಡು, ಹೆಪ್ಪು ಹಾಕಿದ ಮೇಲೆ ಸ್ವಿಚ್ ಆಫ್ ಮಾಡಿಟ್ಟೆ. ಅದು ಹಾಲಿನ ಹಾಗೆಯೇ ತೆಳ್ಳಗೆ ಉಳಿಯಿತು. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲ ಸಲ ಬಿಸಿ ಜಾಸ್ತಿಯಾಯಿತು, ಎರಡನೇ ಸಲ ಬಿಸಿ ನಿಲ್ಲಲಿಲ್ಲ. ನಿಮ್ಮ ಹೆಪ್ಪನ್ನು ದೂರಬೇಡಿ.

‘ವಾರ್ಮ್’ ಇರುವುದು ಬೆಂದ ಅಡುಗೆಯನ್ನು ಬಿಸಿಯಾಗಿ ಇಡುವುದಕ್ಕೆ. ಸಾಮಾನ್ಯವಾಗಿ ಅದು 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೊಸರಿನ ಬ್ಯಾಕ್ಟೀರಿಯಾಗೆ ಹಿತವಾದ ಬಿಸಿ 40ರಿಂದ 45 ಡಿಗ್ರಿ. 55 ದಾಟಿದರೆ ಅವು ಸಾಯತೊಡಗುತ್ತವೆ. ನಿಮ್ಮ ಪಾತ್ರೆಯಲ್ಲಿ ಬಿಸಿ ನಿಧಾನವಾಗಿ ಏರಿದೆ, ಅಷ್ಟರೊಳಗೆ ಹಾಲು ಸ್ವಲ್ಪ ಹುಳಿಯಾಗಿದೆ, ಹುಳಿಯೂ ಬಿಸಿಯೂ ಸೇರಿದರೆ ಹಾಲು ಒಡೆಯದೆ ಇರುತ್ತದಾ? ಪನೀರ್ ಮಾಡುವುದೂ ಹಾಗೆಯೇ ಅಲ್ವಾ. ಹಾಗಾಗಿ ಹೆಪ್ಪು ಹಾಕಿದ ಮೇಲೆ ಕುಕ್ಕರ್‌ಗೆ ಕರೆಂಟ್ ಬೇಡವೇ ಬೇಡ. ಆಗ ಅದರ ಕೆಲಸ ಬಿಸಿ ಕೊಡುವುದಲ್ಲ, ಇರುವ ಬಿಸಿಯನ್ನು ಹಿಡಿದಿಡುವುದು.

ಅದಕ್ಕೇ ಅರ್ಧ ಲೀಟರ್ ಸಾಲಲಿಲ್ಲ. ದೊಡ್ಡ ಪಾತ್ರೆಯ ತಳದಲ್ಲಿ ಇಷ್ಟೇ ಇಷ್ಟು ಹಾಲಿದ್ದರೆ ಬೇಗ ತಣ್ಣಗಾಗಿಬಿಡುತ್ತದೆ. ಕಡಿಮೆ ಮೊಸರು ಸಾಕು ಅಂದರೆ ಹಾಲನ್ನು ಗಾಜಿನ ಜಾಡಿಗಳಿಗೆ ಹಾಕಿ, ಅವನ್ನು ಕುಕ್ಕರ್ ಪಾತ್ರೆಯಲ್ಲಿಟ್ಟು, ಜಾಡಿಯ ಕುತ್ತಿಗೆವರೆಗೆ 45 ಡಿಗ್ರಿಯ ನೀರು ತುಂಬಿಸಿ. ಆ ನೀರೇ ಬಿಸಿಯನ್ನು ಕಾಪಾಡುತ್ತದೆ.

ಈಗ ಮೊದಲಿನಿಂದ ನೋಡೋಣ. ಹಾಲು 82ರಿಂದ 85 ಡಿಗ್ರಿವರೆಗೆ ಕಾಯಬೇಕು, ಆಮೇಲೆ ಹತ್ತು ನಿಮಿಷ ಅದೇ ಬಿಸಿಯಲ್ಲಿ ನಿಲ್ಲಬೇಕು. ಸುಮ್ನೆ ಬೆಚ್ಚಗಾದರೆ ಸಾಲದು. ಅಷ್ಟು ಕಾದಾಗ ಹಾಲಿನ ತಿಳಿಯಲ್ಲಿರುವ ಪ್ರೋಟೀನ್ ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸಿನ್‌ಗೆ ಅಂಟಿಕೊಳ್ಳುತ್ತದೆ, ಮೊಸರು ಗಟ್ಟಿಯಾಗಿ ನೀರು ಬಿಡದೆ ನಿಲ್ಲುವುದು ಅದರಿಂದಲೇ. 2 ಲೀಟರ್‌ಗೆ ‘ಲೋ’ದಲ್ಲಿ ಎರಡೂವರೆ–ಮೂರು ಗಂಟೆ ಹಿಡಿಯಬಹುದು, ಆದರೆ ಒಂದೊಂದು ಕುಕ್ಕರ್ ಒಂದೊಂದು ಥರ, ಹಾಗಾಗಿ ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ. ಅದಿಲ್ಲದಿದ್ದರೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಾ ಚೆನ್ನಾಗಿ ಹಬೆಯಾಡಬೇಕು. ಆತುರ ಇದ್ದರೆ ಒಲೆಯ ಮೇಲೆ ಕಾಯಿಸಿ ಕುಕ್ಕರ್‌ಗೆ ಸುರಿಯಿರಿ, ಏನೂ ತೊಂದರೆ ಇಲ್ಲ.

ಆಮೇಲೆ ಸ್ವಿಚ್ ಆಫ್ ಮಾಡಿ ಆರಲು ಬಿಡಿ. ಪಿಂಗಾಣಿ ಪಾತ್ರೆ ದಪ್ಪ, ಆರುವುದಕ್ಕೆ ಎರಡು ಮೂರು ಗಂಟೆಯೇ ಬೇಕಾಗಬಹುದು. ಬೇಗ ಆರಲಿ ಅಂತ ಬಿಸಿ ಪಾತ್ರೆಯನ್ನು ತಣ್ಣೀರಲ್ಲಿ ಇಡಬೇಡಿ, ಬಿರುಕು ಬಿಡುತ್ತದೆ. 43–45ಕ್ಕೆ ಇಳಿದಾಗ ಹೆಪ್ಪು. ಅಳೆಯುವ ಮೊದಲು ತಳದಿಂದ ಒಮ್ಮೆ ತಿರುವಿ, ಕೆನೆಯ ಹತ್ತಿರ ತಣ್ಣಗಿದ್ದು ಅಂಚಿನಲ್ಲಿ ಇನ್ನೂ ಸುಡುತ್ತಿರುತ್ತದೆ.

2 ಲೀಟರ್‌ಗೆ ಮೂರು ನಾಲ್ಕು ದೊಡ್ಡ ಚಮಚ ತಾಜಾ ಸಪ್ಪೆ ಮೊಸರು ಸಾಕು. ಒಂದು ಲೋಟ ಬೆಚ್ಚನೆ ಹಾಲಲ್ಲಿ ಗಂಟಿಲ್ಲದ ಹಾಗೆ ಕದಡಿ ಬೆರೆಸಿ. ಹೆಪ್ಪು ಜಾಸ್ತಿ ಹಾಕಿದರೆ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು, ಬೇಗ ಹುಳಿಯಾಗಿ ನೀರು ಬಿಡುತ್ತದೆ ಅಷ್ಟೇ.

ಮುಚ್ಚಳ ಮುಚ್ಚಿ, ಪ್ಲಗ್ ಕಿತ್ತು, ಇಡೀ ಕುಕ್ಕರ್‌ಗೆ ದಪ್ಪ ಟವೆಲ್ ಎರಡು ಸುತ್ತಿ. ಪ್ಲಗ್ ಕೀಳದೆ ಬಟ್ಟೆ ಸುತ್ತಲೇಬೇಡಿ, ಬೆಂಕಿ ಹತ್ತಿಕೊಳ್ಳುವ ಅಪಾಯ ಇದೆ. ಆರರಿಂದ ಎಂಟು ಗಂಟೆ ಅಲುಗಾಡಿಸದೆ ಬಿಡಿ. ಪಾತ್ರೆ ಸ್ವಲ್ಪ ಓರೆ ಮಾಡಿದಾಗ ಮೊಸರು ಒಂದೇ ಗಟ್ಟಿಯಾಗಿ ಅಂಚಿನಿಂದ ಬಿಟ್ಟುಕೊಂಡರೆ ಆಯಿತು ಅಂತ ಅರ್ಥ. ಮೇಲೆ ಒಂದಿಷ್ಟು ತಿಳಿನೀರು ನಿಂತರೆ ಗಾಬರಿ ಬೇಡ. ಕದಡದೆ ನಾಲ್ಕೈದು ಗಂಟೆ ಫ್ರಿಜ್‌ನಲ್ಲಿಡಿ, ಇನ್ನೂ ಬಿಗಿಯಾಗುತ್ತದೆ. ತೆಗೆದ ತಕ್ಷಣ ಮುಂದಿನ ಹೆಪ್ಪಿಗೆ ಅಂತ ಎರಡು ಮೂರು ಚಮಚ ಬೇರೆ ಡಬ್ಬಿಗೆ ಹಾಕಿಟ್ಟು ಒಂದು ವಾರದೊಳಗೆ ಬಳಸಿ.