ಪ್ರಾಸ್ಟೇಟ್ ಸುತ್ತಲಿನ 7 ಮಿ.ಮೀ. ಬರಿಯ ಅಂದಾಜೇ?

ತಂದೆಯವರ ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಕೊಡುವಾಗ ಗ್ರಂಥಿಯ ಆಚೆಗೂ 7 ಮಿ.ಮೀ. ಸೇರಿಸುತ್ತಾರಂತೆ, ಆರೋಗ್ಯವಾಗಿರುವ ಜಾಗವನ್ನು ಏಕೆ ಸುಡಬೇಕು, ಇದು ಬರಿಯ ಅಂದಾಜೇ ಎಂದು ಕೇಳಿದ್ದೀರಿ. ಈ ಅಂಚನ್ನು ಲೆಕ್ಕ ಹಾಕುವ ವೈದ್ಯಕೀಯ ಭೌತವಿಜ್ಞಾನಿ ನಾನು. ನಿಮ್ಮ ಆತಂಕ ನ್ಯಾಯವಾದದ್ದೇ. 4 ಸೆಂ.ಮೀ. ಅಡ್ಡಳತೆಯ ಉಂಡೆಗೆ ಸುತ್ತಲೂ 7 ಮಿ.ಮೀ. ಸೇರಿಸಿದರೆ ಅದರ ಗಾತ್ರ ಸುಮಾರು ಎರಡೂವರೆ ಪಟ್ಟಾಗುತ್ತದೆ. ಹಿಂದೆಯೇ ಗುದನಾಳ, ಮೇಲೆ ಮೂತ್ರಕೋಶ. ಒಂದು ಮಿಲಿಮೀಟರ್ ಕೂಡ ಪುಕ್ಕಟೆ ಸಿಗುವುದಿಲ್ಲ.

ಆದರೆ ಅದು ಅಂದಾಜಲ್ಲ. ಗ್ರಂಥಿ ನಾವು ಗುರಿಯಿಟ್ಟ ಜಾಗದಲ್ಲೇ ಕರಾರುವಾಕ್ಕಾಗಿ ಇರುವುದಿಲ್ಲ; ಆ ತಪ್ಪನ್ನು ತುಂಬಿಕೊಳ್ಳಲೆಂದೇ ಈ ಅಂಚು. ಇಂಥ ತಪ್ಪುಗಳಲ್ಲಿ ಎರಡು ಬಗೆ. ಒಂದು, ದಿನದಿನಕ್ಕೆ ಬದಲಾಗುವಂಥದ್ದು: ಇಂದು ಎಡಕ್ಕೆ 2 ಮಿ.ಮೀ., ನಾಳೆ ಬಲಕ್ಕೆ. ಇದರಿಂದ ಡೋಸಿನ ಅಂಚು ಸ್ವಲ್ಪ ಮಸುಕಾಗುತ್ತದೆ, ಅಷ್ಟೇ. ಇನ್ನೊಂದು, ಚಿಕಿತ್ಸೆಯ ಯೋಜನೆಗೆಂದು ಮೊದಲು ತೆಗೆಯುವ ಸಿ.ಟಿ. ಸ್ಕ್ಯಾನ್ ದಿನವೇ ಹೊಕ್ಕು ಕೊನೆಯ ದಿನದವರೆಗೂ ಒಂದೇ ದಿಕ್ಕಿಗೆ ಎಳೆಯುವಂಥದ್ದು. ನನ್ನನ್ನು ಕಾಡುವುದು ಇದೇ. ಗ್ರಂಥಿಯ ಒಂದು ಭಾಗಕ್ಕೆ ಪ್ರತಿದಿನವೂ ಡೋಸ್ ತಪ್ಪಿಹೋಗಬಹುದು. 2000ರಲ್ಲಿ ನೆದರ್ಲೆಂಡ್ಸಿನ ಮಾರ್ಸೆಲ್ ವಾನ್ ಹರ್ಕ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಇದಕ್ಕೆ ತಕ್ಕ ತೂಕ ಕೊಡುತ್ತದೆ: ಎರಡನೆಯ ಬಗೆಯ ತಪ್ಪಿನ ಹರವಿಗೆ (ಅದು ಸಾಮಾನ್ಯವಾಗಿ ಎಷ್ಟು ಏರುಪೇರಾಗುತ್ತದೆ ಎಂಬ ಅಳತೆಗೆ) 2.5 ಪಟ್ಟು, ಮೊದಲನೆಯದಕ್ಕೆ 0.7 ಪಟ್ಟು. ನೂರರಲ್ಲಿ 90 ರೋಗಿಗಳಿಗಾದರೂ ಗ್ರಂಥಿಯ ಯಾವ ಮೂಲೆಗೂ ನಿಗದಿಯಾದ ಡೋಸಿನ ಶೇ. 95ಕ್ಕಿಂತ ಕಡಿಮೆ ಬೀಳಬಾರದು ಎಂಬುದು ಅದರ ಗುರಿ. ಹಿಂದಿನ ರೋಗಿಗಳ ಅಳತೆಯಲ್ಲಿ ಈ ಹರವುಗಳು 2 ಮತ್ತು 3 ಮಿ.ಮೀ. ಬಂದಿದ್ದರೆ 5 ಕೂಡಿಸು 2.1, ಅಂದರೆ ನಿಮಗೆ ಹೇಳಿದ ಆ 7.

ಪ್ರತಿದಿನ ಯಂತ್ರದ ಮೇಲೆಯೇ ಸ್ಕ್ಯಾನ್ ತೆಗೆದು ಸರಿಪಡಿಸಿದರೆ ಅಂಚು ಇಳಿಯುತ್ತದೆ. ಸೊನ್ನೆಯಾಗುವುದಿಲ್ಲ, ಏಕೆಂದರೆ ವೈದ್ಯರು ಸ್ಕ್ಯಾನಿನಲ್ಲಿ ಗ್ರಂಥಿಯ ಸುತ್ತ ಗೆರೆ ಎಳೆದದ್ದರಲ್ಲೇ ಉಳಿದ ಅನುಮಾನವನ್ನು ಯಾವ ಚಿತ್ರವೂ ತಿದ್ದುವುದಿಲ್ಲ.

ಒಮ್ಮೆ ಯೋಜನೆಯ ಸ್ಕ್ಯಾನಿನಲ್ಲಿ ಹಿರಿಯರೊಬ್ಬರ ಗುದನಾಳ ಗಾಳಿಯಿಂದ ಉಬ್ಬಿ ಪ್ರಾಸ್ಟೇಟನ್ನು ಮುಂದಕ್ಕೆ ತಳ್ಳಿತ್ತು. ಆ ಚಿತ್ರದ ಮೇಲೆ ಯೋಜನೆ ಮಾಡಿದ್ದರೆ, ಗಾಳಿ ಹೋದ ದಿನಗಳಲ್ಲೆಲ್ಲ ಗ್ರಂಥಿ ಹಿಂದಕ್ಕೆ ಜಾರಿ ಗುರಿ ತಪ್ಪುತ್ತಿತ್ತು. ಅವರನ್ನು ಎಬ್ಬಿಸಿ, ಅರ್ಧ ಗಂಟೆ ಓಡಾಡಿಸಿ, ಶೌಚಾಲಯಕ್ಕೆ ಕಳುಹಿಸಿ ಮತ್ತೆ ಸ್ಕ್ಯಾನ್ ಮಾಡಿದೆವು. ಅವರಿಗೆ ಬೇಸರವಾಯಿತು, ನನಗೆ ನೆಮ್ಮದಿಯಾಯಿತು.

ತಂದೆಯವರ ಸ್ಕ್ಯಾನ್ ಇನ್ನೂ ಆಗಿಲ್ಲವಾದರೆ ಆ ದಿನ ಶೌಚಕ್ಕೆ ಹೋಗಿಬಂದು ಗುದನಾಳ ಖಾಲಿಯಾಗಿರಲಿ. ನೀರನ್ನು ಆಸ್ಪತ್ರೆಯವರು ಹೇಳಿದಷ್ಟೇ, ಹೇಳಿದ ಹೊತ್ತಿಗೇ ಕುಡಿಯಲಿ. ಮಲಬದ್ಧತೆ ಇದ್ದರೆ ಸಂಕೋಚಪಡದೆ ಮೊದಲೇ ಹೇಳಿಬಿಡಿ. ಪ್ರತಿದಿನ ಚಿತ್ರ ತೆಗೆಯುತ್ತೀರಾ ಎಂದೂ ಕೇಳಿ.