ಪರದೆಯ ಮೇಲೆ ಎ4, ಕಾಗದದ ಮೇಲೆ ಇನ್ನೇನೋ
ಓದುಗರ ಪ್ರಶ್ನೆ, ತಜ್ಞರ ಉತ್ತರ

ಕೋರೆಲ್‌ಡ್ರಾ, ಇಂಕ್‌ಸ್ಕೇಪ್, ಇಲ್ಲಸ್ಟ್ರೇಟರ್‌ಗಳಲ್ಲಿ ಬರೆದ ವೆಕ್ಟರ್ (ಪಿಕ್ಸೆಲ್ ಬದಲು ಗೆರೆ-ಆಕಾರಗಳಿಂದಾದ) ಚಿತ್ರಗಳು ಮುದ್ರಣಕ್ಕೆ ಹೋದಾಗ ಅಳತೆ ತಪ್ಪುವ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರಲ್ಲಿ ಬಹಳ ಮಂದಿ ಪ್ರಿಂಟರನ್ನೇ ಬೈದಿದ್ದಾರೆ. ಬೈಯುವ ಮೊದಲು ಸ್ಕೇಲು ಹಿಡಿದು ಅಳೆಯಿರಿ. ಎಷ್ಟು ಪಾಲು ಕುಗ್ಗಿದೆ ಎಂಬ ಲೆಕ್ಕ ಸಿಕ್ಕರೆ ತಪ್ಪು ಎಲ್ಲಿದೆ ಎಂಬುದೂ ಹೆಚ್ಚುಕಡಿಮೆ ಸಿಕ್ಕಂತೆಯೇ.

ಪ್ರಶ್ನೆ: ಕಸೂತಿ ಕಲಿಯುವವರಿಗಾಗಿ ಗೋಪುರ, ತೇರು, ಆನೆ ವಿನ್ಯಾಸಗಳ ಗ್ರಾಫನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿಟ್ಟಿದ್ದೇನೆ. ಮ್ಯಾಟಿ ಬಟ್ಟೆಗೆ ಇಂಚಿಗೆ 14 ಮನೆ ಲೆಕ್ಕ. 140 ಮನೆ ಎತ್ತರದ ತೇರು 10 ಇಂಚು, ಅಂದರೆ 25.4 ಸೆಂ.ಮೀ. ಬರಬೇಕು. ಪ್ರಿಂಟ್ ತೆಗೆದರೆ 23.8 ಬರುತ್ತದೆ. ಈಚೆಗೆ ಬರೆದ ಗ್ರಾಫುಗಳು ಸರಿ ಬರುತ್ತವೆ, ಹಳೆಯವು ಮಾತ್ರ ಹೀಗೆ. ಏಕೆ?
— ಧಾರವಾಡ

ಉತ್ತರ: 23.8ನ್ನು 25.4ರಿಂದ ಭಾಗಿಸಿದರೆ ಶೇ. 93.7. ಈ ಅಂಕಿಗೆ ಎರಡು ಕಾರಣ ಇರಬಹುದು. ಎರಡೂ ಹತ್ತಿರ ಹತ್ತಿರ ಇರುವುದರಿಂದಲೇ ಜನ ಮೋಸಹೋಗುತ್ತಾರೆ.

ಮೊದಲನೆಯದು ಫೈಲಿನೊಳಗಿನ ಕಾರಣ. ಇಂಕ್‌ಸ್ಕೇಪ್ ಮೊದಲು ಒಂದು ಇಂಚಿಗೆ 90 ಪಿಕ್ಸೆಲ್ ಎಂದು ಲೆಕ್ಕ ಹಿಡಿಯುತ್ತಿತ್ತು. 2017ರ ಜನವರಿಯಲ್ಲಿ ಬಂದ 0.92ನೇ ಆವೃತ್ತಿಯಿಂದ ಅದು 96 ಆಯಿತು. ಹಳೆಯ ಫೈಲನ್ನು ಹೊಸದರಲ್ಲಿ ತೆರೆದರೆ ಚಿತ್ರ 90/96 ಪಾಲಿಗೆ, ಅಂದರೆ ಶೇ. 93.75ಕ್ಕೆ ಇಳಿಯುತ್ತದೆ. ಎರಡನೆಯದು ಕಾಗದದ ಕಾರಣ. ಪ್ರಿಂಟರ್ ಡ್ರೈವರಿನಲ್ಲಿ ಕಾಗದ 'ಲೆಟರ್' (ಅಮೆರಿಕದ ಕಾಗದದ ಅಳತೆ) ಎಂದೇ ಉಳಿದಿದ್ದರೆ 297 ಮಿ.ಮೀ. ಉದ್ದದ ಎ4 ಪುಟವನ್ನು 279.4 ಮಿ.ಮೀ.ಗೆ ಹಿಡಿಸಬೇಕಾಗುತ್ತದೆ. ಪ್ರಿಂಟರ್ ಅಂಚಿನಲ್ಲಿ ಎಷ್ಟು ಜಾಗ ಬಿಡುತ್ತದೆ ಎಂಬುದರ ಮೇಲೆ ಅದು ಶೇ. 91ರಿಂದ 94ರವರೆಗೆ ಎಲ್ಲಿಗಾದರೂ ಬರಬಹುದು. ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದು ಇದ್ದರೆ ಲೆಟರ್ ತಾನಾಗಿಯೇ ಬಂದು ಕೂರುವುದುಂಟು.

ಯಾವುದೆಂದು ತಿಳಿಯಲು ತೇರನ್ನು ಆಯ್ಕೆ ಮಾಡಿ, ಮೇಲಿನ ಪಟ್ಟಿಯಲ್ಲಿ ಎತ್ತರವನ್ನು ಮಿ.ಮೀ.ನಲ್ಲಿ ನೋಡಿ. ಅಲ್ಲಿಯೇ 238 ಇದ್ದರೆ ಫೈಲು ಕುಗ್ಗಿದೆ. ಅಲ್ಲಿ 254 ಇದ್ದು ಕಾಗದದ ಮೇಲೆ ಮಾತ್ರ 238 ಆದರೆ ಪ್ರಿಂಟಿಂಗ್ ತಪ್ಪು. ಹಳೆಯವು ಮಾತ್ರ ಕೆಡುತ್ತವೆ ಎಂದು ನೀವು ಬರೆದಿರುವುದರಿಂದ ಫೈಲಿನ ಮೇಲೆಯೇ ನಮ್ಮ ಅನುಮಾನ. ಖಾತ್ರಿ ಮಾಡಿಕೊಳ್ಳಲು ಎಸ್‌ವಿಜಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೊದಲ ಕೆಲವು ಸಾಲುಗಳಲ್ಲೇ ಪುಟದ ಅಗಲ, ಎತ್ತರ, ವ್ಯೂಬಾಕ್ಸ್ (ಒಳಗಿನ ಚಿತ್ರದ ಅಳತೆಯನ್ನು ಪುಟಕ್ಕೆ ಹೊಂದಿಸುವ ಅಂಕಿಗಳು) ಇರುತ್ತವೆ. ಎ4 ಪುಟದ ಅಗಲ 744.09 ಎಂದಿದ್ದರೆ ಅದು 90ರ ಕಾಲದ ಇಂಕ್‌ಸ್ಕೇಪ್ ಫೈಲು. 793.7 ಎಂದಿದ್ದರೆ 96ರದು. 595.28 ಎಂದಿದ್ದರೆ ಇಲ್ಲಸ್ಟ್ರೇಟರಿನಿಂದ ಬಂದದ್ದು. ಅದು ಇಂಚಿಗೆ 72 ಹಿಡಿಯುವುದರಿಂದ ಇಂಕ್‌ಸ್ಕೇಪ್‌ನಲ್ಲಿ ಚಿತ್ರ ಮುಕ್ಕಾಲು ಗಾತ್ರಕ್ಕೆ ಬರುತ್ತದೆ. ಅಗಲ '210mm' ಎಂದೇ ಇದ್ದು ವ್ಯೂಬಾಕ್ಸ್ ಇಲ್ಲದಿದ್ದರೆ ಇನ್ನೂ ಗೊಂದಲ: ಪುಟ ಎ4 ಆಗಿಯೇ ಉಳಿದು ಒಳಗಿನ ಚಿತ್ರವಷ್ಟೇ ಸಣ್ಣದಾಗುತ್ತದೆ.

ಇಂಥ ಹಳೆಯ ಫೈಲು ತೆರೆದಾಗ ಇಂಕ್‌ಸ್ಕೇಪ್ ಒಂದು ಪ್ರಶ್ನೆ ಕೇಳುತ್ತದೆ: ಇದು ಪರದೆಗಾಗಿ ಮಾಡಿದ್ದೋ, ಕಾಗದಕ್ಕಾಗಿ ಮಾಡಿದ್ದೋ? ಗೊತ್ತಿಲ್ಲದಿದ್ದರೆ ಮೊದಲನೆಯದನ್ನು ಒತ್ತಿ ಎಂದು ಅದೇ ಹೇಳುತ್ತದೆ. ನೀವು ಆ ಮಾತು ಕೇಳಬೇಡಿ. ಕಾಗದದ ಆಯ್ಕೆ ಮಾಡಿ, ಬ್ಯಾಕಪ್ ಪ್ರತಿಯ ಗುರುತನ್ನೂ ಹಾಗೇ ಇಟ್ಟುಕೊಳ್ಳಿ. ಆಗಲೇ ಸಣ್ಣದಾಗಿ ಸೇವ್ ಆಗಿಹೋಗಿದ್ದರೆ ಎಲ್ಲವನ್ನೂ ಆಯ್ಕೆ ಮಾಡಿ, ಆಬ್ಜೆಕ್ಟ್ ಮೆನುವಿನ ಟ್ರಾನ್ಸ್‌ಫಾರ್ಮ್‌ನಲ್ಲಿ ಶೇ. 106.667ಕ್ಕೆ ಹಿಗ್ಗಿಸಿ. ಇಲ್ಲಸ್ಟ್ರೇಟರಿನದಾದರೆ 133.333. ಆಮೇಲೆ ಡಾಕ್ಯುಮೆಂಟ್ ಪ್ರಾಪರ್ಟೀಸ್‌ಗೆ ಹೋಗಿ ಪುಟವನ್ನು ಮತ್ತೆ ಎ4 ಮಾಡಬೇಕು.

ಇನ್ನೊಂದು ಸಣ್ಣ ಬಲೆ ಇದೆ. ಇಂಕ್‌ಸ್ಕೇಪ್ ತೋರಿಸುವ ಅಳತೆಯಲ್ಲಿ ಗೆರೆಯ ದಪ್ಪವೂ ಸೇರಿರುತ್ತದೆ. 100 ಮಿ.ಮೀ. ಚೌಕಕ್ಕೆ 1 ಮಿ.ಮೀ. ಗೆರೆ ಇದ್ದರೆ 101 ಎಂದು ತೋರಿಸುತ್ತದೆ. ಪ್ರಿಫರೆನ್ಸಸ್‌ನಲ್ಲಿ ಟೂಲ್ಸ್ ವಿಭಾಗಕ್ಕೆ ಹೋಗಿ 'ಜಿಯೊಮೆಟ್ರಿಕ್ ಬೌಂಡಿಂಗ್ ಬಾಕ್ಸ್' ಆರಿಸಿದರೆ ನಿಜವಾದ ಅಳತೆ ಕಾಣುತ್ತದೆ.

ಕೊನೆಗೆ ಪಿಡಿಎಫ್ ಮಾಡಿ ಮುದ್ರಿಸುವಾಗ 'ಫಿಟ್' ಬೇಡ, 'ಆ್ಯಕ್ಚುವಲ್ ಸೈಜ್' ಒತ್ತಿ. ಎ4 ಕಾಗದಕ್ಕೇ ಎ4 ಪುಟ ಕಳಿಸಿದರೂ 'ಫಿಟ್' ಎಂದಿದ್ದರೆ, ಪ್ರಿಂಟರ್ ಮುದ್ರಿಸಲಾಗದ ನಾಲ್ಕು ಮಿ.ಮೀ. ಅಂಚನ್ನು ಕಳೆದು ಶೇ. 96-97ಕ್ಕೆ ಇಳಿಸಿಬಿಡುತ್ತದೆ. ಎಲ್ಲ ಗ್ರಾಫಿನ ಮೂಲೆಯಲ್ಲಿ 100 ಮಿ.ಮೀ. ಗೆರೆ ಒಂದನ್ನು ಎಳೆದಿಡಿ; ನಿಮ್ಮಿಂದ ಫೈಲು ಪಡೆದವರೂ ಅಳೆದು ನೋಡಬಹುದು. ಕಸೂತಿಯಲ್ಲಿ ನಕ್ಷೆಯನ್ನು ಬಟ್ಟೆಗೆ ಇಳಿಸುವುದಿಲ್ಲ, ಎಳೆ ಎಣಿಸಿ ಹಾಕುವುದು. ಗವಂತಿ, ಮುರ್ಗಿ ಹೊಲಿಗೆ ಹಾಕುವ ಕೈಗೆ ಗ್ರಾಫಿನ ಗಾತ್ರ ಮುಖ್ಯವಲ್ಲ ನಿಜ. ಆದರೆ ಸೆರಗಿನ ಮೇಲೆ ಎಷ್ಟು ತೇರು ಹಿಡಿಯುತ್ತವೆ ಎಂದು ಕಾಗದ ಇಟ್ಟು ನೋಡುವವರಿಗೆ ಈ ಒಂದೂವರೆ ಸೆಂ.ಮೀ. ವ್ಯತ್ಯಾಸ ಲೆಕ್ಕ ಕೆಡಿಸುತ್ತದೆ.

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆಗೆ ಕೋರೆಲ್‌ಡ್ರಾದಲ್ಲಿ ಮುಖಪುಟ ಮಾಡಿಕೊಟ್ಟೆವು. ಪುಟ ಎ5. ಪುಸ್ತಕ 1/8 ಡೆಮಿ, ಇದು ಹೊಂದುವುದಿಲ್ಲ ಎಂದು ಪ್ರೆಸ್ಸಿನವರು ವಾಪಸು ಕಳಿಸಿದರು. ಎರಡೂ ಒಂದೇ ಅಲ್ಲವೇ? ಅವರು ತೋರಿಸಿದ ನಮೂನೆಯಲ್ಲಿ ಅಂಚಿಗೆ ಬಿಳಿ ಗೆರೆ ಬೇರೆ ಕಾಣುತ್ತಿತ್ತು.
— ಗದಗ

ಉತ್ತರ: ಒಂದೇ ಅಲ್ಲ. ಡೆಮಿ ಹಾಳೆ 18×23 ಇಂಚು. ಅದನ್ನು ಎಂಟು ಪಾಲು ಮಾಡಿದರೆ 5.75×9 ಇಂಚು, ಕತ್ತರಿಸಿದ ಮೇಲೆ ಉಳಿಯುವುದು ಸುಮಾರು 5.5×8.5. ಮಿ.ಮೀ.ನಲ್ಲಿ 139.7×215.9. ಎ5 ಎಂದರೆ 148×210. ಅಗಲದಲ್ಲಿ 8 ಮಿ.ಮೀ. ಹೆಚ್ಚು, ಎತ್ತರದಲ್ಲಿ 6 ಮಿ.ಮೀ. ಕಡಿಮೆ. ಎಳೆದು ಹೊಂದಿಸಲು ಹೋದರೆ ಅಧ್ಯಕ್ಷರ ಫೋಟೋದಲ್ಲಿ ಮುಖ ಉದ್ದವಾಗುತ್ತದೆ. ಪುಟದ ಅಳತೆ ಬದಲಿಸಿ, ಚಿತ್ರ-ಅಕ್ಷರಗಳನ್ನು ಹೊಸದಾಗಿ ಜೋಡಿಸುವುದೇ ಸರಿ.

ಮುಖಪುಟ, ಬೆನ್ನು, ಹಿಂಬದಿ ಮೂರನ್ನೂ ಒಂದೇ ಪುಟದಲ್ಲಿ ಮಾಡಿ. ಬೆನ್ನಿನ ಅಗಲ ಊಹಿಸಬೇಡಿ. ಒಳಪುಟಕ್ಕೆ ಬಳಸುವ ಅದೇ ಕಾಗದದ ನೂರು ಹಾಳೆ ಒತ್ತಿಹಿಡಿದು ಅಳೆಯಿರಿ. 200 ಪುಟದ ಪುಸ್ತಕವೆಂದರೆ ನೂರೇ ಹಾಳೆ. ಅದು 9 ಮಿ.ಮೀ. ಬಂತು ಎಂದುಕೊಳ್ಳಿ: ಎರಡು ಪುಟದ 279.4 ಜೊತೆಗೆ 9 ಸೇರಿ ಕೋರೆಲ್‌ಡ್ರಾ ಪುಟದ ಅಗಲ 288.4, ಎತ್ತರ 215.9.

ಬಿಳಿ ಗೆರೆಗೆ ಕಾರಣ ಬ್ಲೀಡ್ (ಕತ್ತರಿಸುವ ಅಂಚಿನಾಚೆಗೂ ಚಾಚಿದ ಬಣ್ಣ) ಇಲ್ಲದಿರುವುದು. ಕಟಿಂಗ್ ಯಂತ್ರ ಅರ್ಧ ಮಿ.ಮೀ. ಆಚೀಚೆ ಹೋಗುವುದು ಸಹಜ. ಬಣ್ಣ ಪುಟದ ಅಂಚಿಗೇ ನಿಂತಿದ್ದರೆ ಅಷ್ಟರಲ್ಲೇ ಕಾಗದದ ಬಿಳಿ ಇಣುಕುತ್ತದೆ. ಹಿನ್ನೆಲೆ ಬಣ್ಣವನ್ನು ನಾಲ್ಕೂ ಕಡೆ 3 ಮಿ.ಮೀ. ಹೊರಗೆ ಎಳೆಯಿರಿ, ಅಕ್ಷರಗಳನ್ನು ಅಂಚಿನಿಂದ ಕನಿಷ್ಠ 5 ಮಿ.ಮೀ. ಒಳಗಿಡಿ. ಪಬ್ಲಿಶ್ ಟು ಪಿಡಿಎಫ್ ಮಾಡುವಾಗ ಸೆಟಿಂಗ್ಸ್‌ನ ಪ್ರಿಪ್ರೆಸ್ ವಿಭಾಗದಲ್ಲಿ ಬ್ಲೀಡ್ 3 ಮಿ.ಮೀ. ಮತ್ತು ಕ್ರಾಪ್ ಮಾರ್ಕ್ (ಎಲ್ಲಿ ಕತ್ತರಿಸಬೇಕೆಂಬ ಗುರುತು) ಎರಡಕ್ಕೂ ಗುರುತು ಹಾಕದಿದ್ದರೆ ನೀವು ಹೊರಗೆ ಎಳೆದದ್ದೆಲ್ಲ ಪಿಡಿಎಫ್‌ನಲ್ಲಿ ಕತ್ತರಿಸಿಹೋಗಿರುತ್ತದೆ. ಹಾಗೆಯೇ ಕಪ್ಪು ಅಕ್ಷರಗಳು ಕಪ್ಪು ಶಾಯಿ 100, ಉಳಿದ ಮೂರೂ ಸೊನ್ನೆ ಎಂದಿವೆಯೇ ನೋಡಿ. ಆರ್‌ಜಿಬಿ (ಪರದೆಯ ಬಣ್ಣ ಲೆಕ್ಕದ) ಕಪ್ಪು ಆಫ್‌ಸೆಟ್‌ಗೆ ಹೋದರೆ ನಾಲ್ಕೂ ಬಣ್ಣಕ್ಕೆ ಹಂಚಿಹೋಗಿ, ಪ್ಲೇಟು ಕೂದಲೆಳೆ ಸರಿದರೂ ಸಣ್ಣ ಅಕ್ಷರದ ಸುತ್ತ ಬಣ್ಣದ ಅಂಚು ಕಾಣುತ್ತದೆ. ಗದಗ-ಬೆಟಗೇರಿಯಲ್ಲಿ ಪ್ರೆಸ್ಸುಗಳಿಗೆ ಬರವಿಲ್ಲ. ಕೆಲಸ ಶುರುವಿಗೆ ಮೊದಲೇ ಹೋಗಿ ಅವರ ಕತ್ತರಿಸಿದ ಅಳತೆ ಬರೆದುಕೊಂಡು ಬರುವುದು ಒಳ್ಳೆಯದು, ಏಕೆಂದರೆ ಡೆಮಿಯಲ್ಲೂ ಒಂದೊಂದು ಕಡೆ ಒಂದೆರಡು ಮಿ.ಮೀ. ವ್ಯತ್ಯಾಸ ಇರುತ್ತದೆ.

ಪ್ರಶ್ನೆ: ನುಡಿ ಫಾಂಟಿನಾಗ ಮದುವಿ ಪತ್ರಿಕೆ ಮಾಡಿ ಪೆನ್‌ಡ್ರೈವ್‌ನಾಗ ಒಯ್ದ್ರ, ಅಂಗಡಿ ಕಂಪ್ಯೂಟರಿನಾಗ ಎಲ್ಲಾ ಇಂಗ್ಲಿಷ್ ಅಕ್ಷರ, ಚಿಹ್ನಿ ಬರ್ತಾವ್ರಿ. ಸಾಲೂ ಹೆಚ್ಚು ಕಡಿಮಿ ಆಗಿ ಪುಟದ ಹೊರಗ ಹೋಗ್ತಾವ. ಏನ್ ಮಾಡಬೇಕ್ರಿ?
— ಹಳೇ ಹುಬ್ಬಳ್ಳಿ

ಉತ್ತರ: ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕೆಳಗಿನ ಇಂಗ್ಲಿಷ್ ಹೊರಬೀಳುತ್ತದೆ. ಯೂನಿಕೋಡಿನಲ್ಲಿ ಮಾಡಿದರೆ ಓದಲು ಬರುತ್ತದೆ, ಆದರೆ ಬೇರೆ ಫಾಂಟು ಬಂದು ಸಾಲಿನ ಉದ್ದ ಬದಲಾಗುವುದು ತಪ್ಪುವುದಿಲ್ಲ. ಹಳೆಯ ಕೋರೆಲ್‌ಡ್ರಾ ಆದರೆ ಒತ್ತಕ್ಷರಗಳೂ ಬಿಡಿಬಿಡಿಯಾಗುತ್ತವೆ.

ಕರಡು ತಿದ್ದುವುದು ಪೂರ್ತಿ ಮುಗಿದ ಮೇಲೆ ಫೈಲನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಆ ಪ್ರತಿಯಲ್ಲಿ ಅಕ್ಷರಗಳನ್ನೆಲ್ಲ ಆಯ್ಕೆ ಮಾಡಿ ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕ್ಯೂ ಒತ್ತಿ. ಇಂಕ್‌ಸ್ಕೇಪ್ ಆದರೆ ಶಿಫ್ಟ್, ಕಂಟ್ರೋಲ್, ಸಿ. ಅಕ್ಷರಗಳು ಕರ್ವ್ ಆಗಿ ಬರೀ ಆಕಾರಗಳಾಗುತ್ತವೆ, ಯಾವ ಕಂಪ್ಯೂಟರಿನಲ್ಲೂ ಕದಲುವುದಿಲ್ಲ. ಪವರ್‌ಕ್ಲಿಪ್ (ಬೇರೊಂದು ಆಕಾರದ ಒಳಗೆ ಸೇರಿಸಿಟ್ಟದ್ದು) ಒಳಗಿನ ಅಕ್ಷರಗಳು, ಲಾಕ್ ಮಾಡಿದವು ತಪ್ಪಿಹೋಗುತ್ತವೆ, ಅವನ್ನು ಬಿಡಿಸಿ ನೋಡಿ. ಕರ್ವ್ ಆದದ್ದನ್ನು ಮತ್ತೆ ತಿದ್ದಲು ಬರುವುದಿಲ್ಲ. ಮುಹೂರ್ತದ ಸಮಯ ಬದಲಾಯಿತು ಎಂದು ಫೋನು ಬರುವುದು ಸಾಮಾನ್ಯವಾಗಿ ಆಮೇಲೆಯೇ. ಆದ್ದರಿಂದ ಮೂಲ ಪ್ರತಿ ಕೈಯಲ್ಲಿರಲಿ.

ಪ್ರಶ್ನೆ: ಜಾತ್ರೆಗೆ 20×10 ಅಡಿ ಬ್ಯಾನರ್ ಇಲ್ಲಸ್ಟ್ರೇಟರಿನಲ್ಲಿ ಮಾಡಲು ಹೋದರೆ ಅಷ್ಟು ದೊಡ್ಡ ಪುಟವೇ ಬರುವುದಿಲ್ಲ. ಕೋರೆಲ್‌ಡ್ರಾದಲ್ಲಿ ಬಂತು, ಆದರೆ ಪಿಡಿಎಫ್‌ನಲ್ಲಿ ತೊಂದರೆ.
— ಹಾವೇರಿ

ಉತ್ತರ: 20 ಅಡಿ ಎಂದರೆ 240 ಇಂಚು. ಇಲ್ಲಸ್ಟ್ರೇಟರಿನ ಮಾಮೂಲು ಕ್ಯಾನ್ವಾಸ್ ಸುಮಾರು 227 ಇಂಚಿಗೆ ನಿಲ್ಲುತ್ತದೆ. ಪಿಡಿಎಫ್ ಪುಟ ಸಾಮಾನ್ಯ ಲೆಕ್ಕದಲ್ಲಿ 14,400 ಪಾಯಿಂಟ್, ಅಂದರೆ 200 ಇಂಚು. ಅದಕ್ಕಿಂತ ದೊಡ್ಡದು ಬರೆಯುವ ಉಪಾಯ ಪಿಡಿಎಫ್ 1.6ರಿಂದ ಇದೆ, ಆದರೆ ಮುದ್ರಿಸುವ ಅಂಗಡಿಯ ತಂತ್ರಾಂಶ ಅದನ್ನು ಓದುತ್ತದೆ ಎಂದು ನೆಚ್ಚಬೇಡಿ.

ಹತ್ತನೇ ಒಂದು ಪಾಲಿಗೆ ಮಾಡಿ: 24×12 ಇಂಚು. ಅಂಗಡಿಯವರು ಶೇ. 1000ಕ್ಕೆ ಹಿಗ್ಗಿಸುತ್ತಾರೆ. ಫೈಲಿನ ಹೆಸರಿನಲ್ಲೇ '20×10 ಅಡಿ, 1ಕ್ಕೆ 10' ಎಂದು ಬರೆಯಿರಿ; ಬರೆಯದಿದ್ದರೆ ಎರಡು ಅಡಿ ಬ್ಯಾನರ್ ಕೈಗೆ ಬಂದೀತು. ಆಗಲೇ ದೊಡ್ಡದಾಗಿ ಮಾಡಿದ್ದನ್ನು ಕುಗ್ಗಿಸುವುದಾದರೆ ಗೆರೆಗಳಿಗೆ 'ಸ್ಕೇಲ್ ವಿತ್ ಆಬ್ಜೆಕ್ಟ್' ಗುರುತು ಇರಬೇಕು. ಇಲ್ಲವಾದರೆ 10 ಪಾಯಿಂಟಿನ ಗೆರೆ ಕುಗ್ಗದೆ ಹಾಗೇ ಉಳಿದು, ಮುದ್ರಣದಲ್ಲಿ 100 ಪಾಯಿಂಟ್ ಆಗುತ್ತದೆ.

ಫೋಟೋ ಲೆಕ್ಕವೂ ಹತ್ತುಪಟ್ಟು. ಚಿಕ್ಕ ಫೈಲಿನಲ್ಲಿ 300 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಇದ್ದದ್ದು ಬ್ಯಾನರಿನಲ್ಲಿ 30 ಮಾತ್ರ. ಹದಿನೈದಿಪ್ಪತ್ತು ಅಡಿ ದೂರದಿಂದ ನೋಡುವುದಕ್ಕೆ 60-70 ಸಾಕು, ಅಂದರೆ ಚಿಕ್ಕ ಫೈಲಿನಲ್ಲಿ 600-700 ಬೇಕು. ವಾಟ್ಸಾಪ್‌ನಲ್ಲಿ ಬಂದ 1600 ಪಿಕ್ಸೆಲ್‌ನ ಫೋಟೋವನ್ನು 5 ಅಡಿಗೆ ಹಾಕಿದರೆ ಇಂಚಿಗೆ 27 ಪಿಕ್ಸೆಲ್ ಕೂಡ ಸಿಗುವುದಿಲ್ಲ; ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸುತ್ತಲೂ ಮಡಚಿ ಐಲೆಟ್ ಹೊಡೆಯಲು 2 ಇಂಚು ಖಾಲಿ ಬಿಡಿ. ಪಿವಿಸಿ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇರುವುದರಿಂದ ಬಟ್ಟೆಯ ಮೇಲೆ ಮುದ್ರಿಸುವವರನ್ನೇ ಕೇಳಿ.

ಪ್ರಶ್ನೆ: ಪಿಡಿಎಫ್ ಮಾಡಿದರೆ ಚಿತ್ರ ಒಂದು ಮೂಲೆಯಲ್ಲಿ ಚಿಕ್ಕದಾಗಿ ಕೂತು ಉಳಿದದ್ದೆಲ್ಲ ಬಿಳಿ. ಏನು ಕಾರಣ?
— ರಾಣೆಬೆನ್ನೂರು

ಉತ್ತರ: ಪುಟದ ಹೊರಗೆ ಎಲ್ಲೋ ಒಂದು ಚುಕ್ಕಿ, ಖಾಲಿ ಪಠ್ಯಚೌಕ ಅಥವಾ ಬಣ್ಣವಿಲ್ಲದ ವಸ್ತು ಬಿದ್ದಿದೆ, ರಫ್ತಿನಲ್ಲಿ ಅದೂ ಸೇರಿದೆ. ಎಲ್ಲವನ್ನೂ ಆಯ್ಕೆ ಮಾಡಿ. ಆಯ್ಕೆಯ ಚೌಕ ಚಿತ್ರಕ್ಕಿಂತ ದೊಡ್ಡದಾಗಿದ್ದರೆ ಅದೇ ಗುರುತು. ಕೋರೆಲ್‌ಡ್ರಾದಲ್ಲಿ ವೈರ್‌ಫ್ರೇಮ್, ಇಂಕ್‌ಸ್ಕೇಪ್‌ನಲ್ಲಿ ಔಟ್‌ಲೈನ್ ನೋಟಕ್ಕೆ ಹೋದರೆ ಕಾಣದ್ದೂ ಕಾಣುತ್ತದೆ, ಅಳಿಸಿಹಾಕಿ. ಬೇಕಾದ ಚಿತ್ರ ಮಾತ್ರ ಆಯ್ಕೆ ಮಾಡಿ ಇಂಕ್‌ಸ್ಕೇಪ್‌ನಲ್ಲಿ ಶಿಫ್ಟ್, ಕಂಟ್ರೋಲ್, ಆರ್ ಒತ್ತಿದರೆ ಪುಟ ಅದರ ಅಳತೆಗೇ ಬರುತ್ತದೆ.

ಪ್ರಶ್ನೆ: ಪರದೆಯಲ್ಲಿ ಕಾಣುವ ಸಣ್ಣ ಗೆರೆಗಳು ಆಫ್‌ಸೆಟ್‌ನಲ್ಲಿ ಮಾಯ. ಮನೆಯ ಪ್ರಿಂಟರಿನಲ್ಲಿ ಬರುತ್ತಿದ್ದವು. ನೆರಳು ಕೊಟ್ಟ ಅಕ್ಷರಗಳೂ ಒರಟಾಗಿವೆ.
— ಹುಬ್ಬಳ್ಳಿ

ಉತ್ತರ: ಗೆರೆಯ ದಪ್ಪ 'ಹೇರ್‌ಲೈನ್' ಎಂದಿರಬೇಕು. ಯಂತ್ರಕ್ಕೆ ಸಾಧ್ಯವಿರುವಷ್ಟು ತೆಳು ಎಂದು ಅದರ ಅರ್ಥ. 600 ಡಿಪಿಐ ಲೇಸರ್ ಪ್ರಿಂಟರಿನ ಒಂದು ಚುಕ್ಕೆ 0.04 ಮಿ.ಮೀ., ಕಣ್ಣಿಗೆ ಸಿಗುತ್ತದೆ. 2400 ಡಿಪಿಐ ಪ್ಲೇಟಿನಲ್ಲಿ ಅದು 0.01 ಮಿ.ಮೀ., ಶಾಯಿ ನಿಲ್ಲುವುದಿಲ್ಲ. 0.25 ಪಾಯಿಂಟಿಗಿಂತ ಕಡಿಮೆ ಇಡಬೇಡಿ. ಬಣ್ಣದ ಮೇಲೆ ಬಿಳಿ ಗೆರೆಯಾದರೆ 0.5. ನೆರಳು, ಬ್ಲರ್‌ಗಳು ಪಿಡಿಎಫ್ ಮಾಡುವಾಗ ಪಿಕ್ಸೆಲ್ ಚಿತ್ರಗಳಾಗುತ್ತವೆ. ಇಂಕ್‌ಸ್ಕೇಪ್ ಅದಕ್ಕೆ ತಾನಾಗಿ 96 ಡಿಪಿಐ ಹಿಡಿಯುತ್ತದೆ. ಪಿಡಿಎಫ್ ಸೇವ್ ಮಾಡುವ ಕಿಟಕಿಯಲ್ಲಿ ರಾಸ್ಟರೈಸೇಶನ್ ಎಂಬ ಕಡೆ 300 ಎಂದು ತುಂಬಿ.